ಜುಗುಪ್ಸೆಯೂ ಶುಶ್ರೂಷೆಯೂ

ದಾದಿಯ ವಿದ್ಯೆಯನ್ನು ಕಲಿತು ರೋಗಿಗಳ ಸೇವೆಯಲ್ಲಿ ಬಾಳನ್ನು ಕಳೆಯಬೇಕೆಂದು ಮನಸ್ಸು ಮಾಡಿರುವ ಒಬ್ಬ ಹುಡುಗಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಆಕೆಯ ವಯಸ್ಸು 18. ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ಮನೆಯ ನಡುಕೋಣೆಯಲ್ಲಿ ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲುಗಳ ಸ್ವಾಧೀನ ತಪ್ಪಿದ ಅಜ್ಜಿ ಮಲಗಿದ್ದಾರೆ. ಒಂದು ದಿನ ತಾಯಿಯು ಹಿತ್ತಿಲಿನಲ್ಲಿರುವಾಗ ಅಜ್ಜಿಯ ಹಾಸಿಗೆಯು ಹೊಲಸಾಯಿತು. ಹುಡುಗಿ ಒಳಕ್ಕೆ ಕಾಲಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಗಂಟಲಿನಲ್ಲಿ ಓಕರಿಕೆ ಒತ್ತಿಬಂದಿತು. ದುಪಟ್ಟವನ್ನು ಮೂಗಿಗೆ ಹಿಡಿದು ಹೊರಕ್ಕೆ ಓಡಿದಳು. ಅಜ್ಜಿ ಅದನ್ನು ಕಂಡು ಗೋಡೆಯ ಕಡೆಗೆ ಮುಖವನ್ನು ತಿರುಗಿಸಿಕೊಂಡರು. ಆ ರಾತ್ರಿ ಹುಡುಗಿಯನ್ನು ಎರಡು ಪ್ರಶ್ನೆಗಳು ಕಾಡುವುವು. ಇಷ್ಟನ್ನು ಸಹಿಸಲಾರದವಳು ದಾದಿಯಾಗುವುದು ಹೇಗೆ? ತನ್ನನ್ನು ಎತ್ತಿ ಆಡಿಸಿದವರನ್ನು ಕಂಡೇ ಹೇಸಿದ ಮನಸ್ಸು ಒಳ್ಳೆಯ ಮನಸ್ಸೆ?

ಮೊದಲನೆಯದು ಯೋಗ್ಯತೆಯ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ. ಲೋಕದಲ್ಲಿ ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡಿಬಿಡುವುದು ವಾಡಿಕೆ. ಹೇಸುವವಳು ಕಲ್ಲುಮನಸ್ಸಿನವಳು, ಹೇಸದವಳು ಕರುಣಾಮಯಿ ಎಂದು ತೀರ್ಪು ಹೇಳುವವರೇ ಹೆಚ್ಚು. ಕಸಾಯಿಖಾನೆಯಲ್ಲಿ ದಿನವೂ ಕತ್ತಿ ಹಿಡಿಯುವವನಿಗೆ ರಕ್ತವನ್ನು ಕಂಡು ಹೇಸಿಗೆಯಾಗುವುದಿಲ್ಲ. ಅದರಿಂದ ಅವನ ಕರುಣೆಯ ಅಳತೆಯು ಸಿಕ್ಕುವುದಿಲ್ಲ. ಆದುದರಿಂದ ಜುಗುಪ್ಸೆಯೆಂದರೇನೆಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಬೀಭತ್ಸರಸಕ್ಕೆ ಜುಗುಪ್ಸೆಯನ್ನು ಸ್ಥಾಯಿಭಾವವನ್ನಾಗಿ ಹೇಳಿ, ರಕ್ತ ಕರುಳುಗಳಿಂದ ಹುಟ್ಟುವುದು ಕ್ಷೋಭಜವೆಂದೂ ಮಲ ಕ್ರಿಮಿಗಳಿಂದ ಹುಟ್ಟುವುದು ಉದ್ವೇಗಿಯೆಂದೂ ಭೇದ ಮಾಡಿರುವನು. ಅಂಗಗಳನ್ನು ಕುಗ್ಗಿಸುವುದು, ಮುಖವನ್ನು ಸಿಂಡರಿಸುವುದು, ಉಗುಳುವುದು ಇವೆಲ್ಲ ಅದರ ಅನುಭಾವಗಳು. 1872ರಲ್ಲಿ ಡಾರ್ವಿನ್ನನು ಭಾವಗಳ ಬಾಹ್ಯಚಿಹ್ನೆಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಅವನೂ ಹೆಚ್ಚು ಕಡಿಮೆ ಈ ಚಿಹ್ನೆಗಳನ್ನೇ ಎಣಿಸಿದನು. ಅವನು ಹೇಳುವ ಒಂದು ಪ್ರಸಂಗವು ಇಲ್ಲಿ ಸ್ಮರಣೀಯವಾಗಿದೆ. ದಕ್ಷಿಣ ಅಮೆರಿಕದ ತುದಿಯಲ್ಲಿರುವ ತಿಯೆರ ದೆಲ್ ಫ್ಯೂಗೊ ಎಂಬ ಪ್ರದೇಶದಲ್ಲಿ ಅವನು ತಣ್ಣಗಿನ ಮಾಂಸವನ್ನು ತಿನ್ನುತ್ತಿದ್ದಾಗ, ಅಲ್ಲಿನ ನಿವಾಸಿಯೊಬ್ಬನು ಅದನ್ನು ಬೆರಳಿನಿಂದ ಮುಟ್ಟಿನೋಡಿ ಅದರ ಮೆತುವಿಗೆ ಹೇಸಿದನಂತೆ. ಅವನು ಮುಟ್ಟಿದನೆಂಬ ಕಾರಣದಿಂದ, ಅವನ ಕೈಯಲ್ಲಿ ಕೊಳೆ ಕಾಣದಿದ್ದರೂ, ಡಾರ್ವಿನ್ನನಿಗೆ ಆ ಊಟವು ಅಸಹ್ಯವಾಯಿತಂತೆ. ಒಂದೇ ತುಂಡು ಮಾಂಸದ ಎರಡು ಕಡೆಗಳಲ್ಲಿ ಇಬ್ಬರು ಒಬ್ಬರಿಗೊಬ್ಬರು ಹೇಸಿಕೊಂಡು ಕುಳಿತಿದ್ದರು!

ಅಷ್ಟು ದೂರ ಹೋಗುವುದೇಕೆ? ಬಾಯಲ್ಲಿರುವ ಎಂಜಲನ್ನು ಮನುಷ್ಯನು ದಿನವೆಲ್ಲ ನುಂಗುತ್ತಲೇ ಇರುವನು. ಅದನ್ನೇ ಒಂದು ಲೋಟದಲ್ಲಿ ಉಗಿದು ಮತ್ತೆ ಕುಡಿಯೆಂದರೆ ಕುಡಿಯಲಾರನು. ಎಂಜಲು ಬದಲಾಗಲಿಲ್ಲ, ಅದು ಮೈಯ ಎಲ್ಲೆಯನ್ನು ದಾಟಿತು, ಅಷ್ಟೆ. ಕೊಳೆತದ್ದನ್ನೂ ಸೋಂಕಿನದನ್ನೂ ದೂರವಿಡುವುದಕ್ಕಾಗಿ ಪ್ರಕೃತಿಯು ಶರೀರದ ಬಾಗಿಲಿನಲ್ಲಿ ನಿಲ್ಲಿಸಿರುವ ಕಾವಲುಗಾರನೇ ಜುಗುಪ್ಸೆ. ಈ ಕಾವಲುಗಾರನು ನಂಬಿಕಸ್ಥನು, ಆದರೆ ವಿವೇಕಿಯಲ್ಲ. ಕಳ್ಳನನ್ನು ಕಂಡಾಗ ಕೂಗುವಂತೆಯೇ ಮನೆಯ ಅಜ್ಜಿಯನ್ನು ಕಂಡೂ ಕೂಗುವನು. ಅವನು ಕೂಗಿದನೆಂದು ಮನೆಯ ಯಜಮಾನಿಯನ್ನು ದುಷ್ಟಳೆನ್ನಲಾಗದು. ಕೂಗನ್ನು ಕೇಳಿದ ಮೇಲೆ ಯಜಮಾನಿಯು ಏನು ಮಾಡಿದಳೆಂಬುದು ಬೇರೆ ಮಾತು. ಅಲ್ಲಿಂದ ಮುಂದೆ ಧರ್ಮವಿಚಾರ.

ರಕ್ತವನ್ನು ಕಂಡರೆ ತಲೆ ಸುತ್ತಿ ಬೀಳುವವರ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಭರತನು ಕ್ಷೋಭಜವನ್ನೂ ಉದ್ವೇಗಿಯನ್ನೂ ಬೇರ್ಪಡಿಸಿದ್ದು ಸರಿಯೆಂದು ಇಂದಿನ ವೈದ್ಯರಿಗೂ ತೋರಬಹುದು. ಏಕೆಂದರೆ ಮಲವನ್ನು ಕಂಡವನು ಓಕರಿಸುವನು, ರಕ್ತವನ್ನು ಕಂಡವನು ಮೂರ್ಛೆಹೋಗುವನು. ಮೂರ್ಛೆಹೋಗುವವರಲ್ಲಿ ನಾಡಿಯು ನಿಧಾನವಾಗಿ ರಕ್ತದ ಒತ್ತಡವು ಇಳಿಯುವುದು. ಇದು ಹೇಡಿತನವಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದಕ್ಕೊಂದು ಸುಲಭವಾದ ಅಭ್ಯಾಸವನ್ನು ವಿವರಿಸಿದರು. ತೋಳು, ಕಾಲು, ಹೊಟ್ಟೆಗಳ ಸ್ನಾಯುಗಳನ್ನು 10–15 ಸೆಕೆಂಡು ಬಿಗಿಹಿಡಿದು, ಮುಖಕ್ಕೆ ಕಾವೇರಿದಂತೆ ತೋರಿದಾಗ ಸಡಿಲಬಿಟ್ಟು, ಅರ್ಧ ನಿಮಿಷದೊಳಗೆ ಮತ್ತೆ ಬಿಗಿಹಿಡಿಯುವುದು. ಹೀಗೆ 5 ಸಲ. ಒತ್ತಡವು ಇಳಿಯದಂತೆ ತಡೆದರೆ ಮೂರ್ಛೆಯೂ ಬರುವುದಿಲ್ಲ. ಯಾವುದನ್ನು ಹುಡುಗಿಯು ತನ್ನ ಸ್ವಭಾವದ ದೋಷವೆಂದು ಅಳುತ್ತಿದ್ದಳೋ ಅದು ತೋಳು ಬಿಗಿಹಿಡಿದರೆ ನಿಲ್ಲುವಂಥದಾದರೆ, ಅದನ್ನು ದೋಷವೆನ್ನುವುದೆಂತು?

ಜುಗುಪ್ಸೆ ಎಂಬ ಶಬ್ದವೇ ಒಂದು ವಿಚಿತ್ರವನ್ನು ಒಳಗೊಂಡಿದೆ. ಪಾಣಿನಿಯು ಮೂರನೆಯ ಅಧ್ಯಾಯದ ಆರಂಭದಲ್ಲಿ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೆ ಒಂದೇ ಸೂತ್ರದಲ್ಲಿ ಸನ್ ಪ್ರತ್ಯಯವನ್ನು ವಿಧಿಸಿರುವನು. ಗುಪ್ ಎಂದರೆ ಕಾಪಾಡು, ಅದರಿಂದ ಜುಗುಪ್ಸೆ. ತಿಜ್ ಧಾತುವಿನಿಂದ ತಿತಿಕ್ಷೆ, ಎಂದರೆ ಸಹನೆ. ಕಿತ್ ಧಾತುವಿನಿಂದ ಚಿಕಿತ್ಸೆ. ಹೇಸುವುದು, ಸಹಿಸುವುದು, ರೋಗವನ್ನು ನೀಗುವುದು ಈ ಮೂರೂ ಒಂದೇ ಸೂತ್ರದ ನೆರಳಿನಲ್ಲಿ ಒಟ್ಟಿಗೆ ಕುಳಿತಿರುವುದು ವೈಯಾಕರಣನು ಬುದ್ಧಿಪೂರ್ವಕವಾಗಿ ಮಾಡಿದ ಉಪದೇಶವಲ್ಲ. ರೂಪಸಿದ್ಧಿಯ ಅನುಕೂಲಕ್ಕಾಗಿ ಮಾಡಿದ್ದು. ಆದರೂ ರೋಗಿಯ ಮಂಚದ ಪಕ್ಕದಲ್ಲಿ ನಿಲ್ಲುವವಳು ದಿನವೂ ನಡೆಯುವ ದಾರಿಯು ಇದೇ ಆಗಿದೆ. ಇನ್ನು ಶುಶ್ರೂಷೆಯೂ ಅದೇ ಪ್ರತ್ಯಯದ ಶಬ್ದ. ಶ್ರು ಎಂದರೆ ಕೇಳು; ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ರೋಗಿಯನ್ನು ನೋಡಿಕೊಳ್ಳುವುದಕ್ಕೆ ನಮ್ಮ ಭಾಷೆಗಳಲ್ಲಿ ನಿಂತ ಹೆಸರು ಮೂಲತಃ ಕಿವಿಗೆ ಸಂಬಂಧಿಸಿದ್ದು, ಮೂಗಿಗಲ್ಲ.

ಪ್ರಾಚೀನ ವೈದ್ಯರು ಪರಿಚಾರಕನನ್ನು ಹಗುರವಾಗಿ ಎಣಿಸಿದವರಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನನ್ನು ಅದರಲ್ಲೊಂದಾಗಿ ನಿಲ್ಲಿಸಿದರು. ಸುಶ್ರುತನು ಅವನ ಲಕ್ಷಣಗಳನ್ನು ಹೇಳುವಾಗ ಸ್ನೇಹ, ಬಲ, ದಣಿವಿಲ್ಲದಿರುವುದು, ವೈದ್ಯನ ಮಾತಿನಂತೆ ನಡೆಯುವುದು ಮೊದಲಾದವುಗಳೊಡನೆ ‘ಅಜುಗುಪ್ಸು’ ಎಂಬ ಒಂದು ಪದವನ್ನು ಸೇರಿಸಿದನು. ಹೇಸದವನು ಎಂದು ಅರ್ಥ. ಬೌದ್ಧರ ವಿನಯಪಿಟಕದಲ್ಲಿಯೂ ಒಳ್ಳೆಯ ಪರಿಚಾರಕನ 5 ಗುಣಗಳಲ್ಲಿ, ಮಲ ಮೂತ್ರ ಕಫ ವಾಂತಿಗಳನ್ನು ತೆಗೆಯಲು ಹೇಸದಿರುವುದು ಒಂದು. ಎರಡು ಪರಂಪರೆಗಳೂ ಇದನ್ನು ಹೆಸರಿಸಿ ಹೇಳಿದುವೆಂಬುದರಿಂದಲೇ ಆ ಕಾಲದಲ್ಲಿಯೂ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡವರಿದ್ದರೆಂದು ತಿಳಿಯುವುದು. ಇಲ್ಲದ ರೋಗಕ್ಕೆ ಯಾರೂ ಪಥ್ಯವನ್ನು ಹೇಳುವುದಿಲ್ಲ.

ಆ ವಿನಯಪಿಟಕದಲ್ಲಿಯೇ ಒಂದು ಕಥೆಯಿದೆ. ಒಬ್ಬ ಭಿಕ್ಷುವು ಅತಿಸಾರದಿಂದ ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿದ್ದನು. ಬುದ್ಧನೂ ಆನಂದನೂ ಆ ಕಡೆ ಬಂದರು. ಭಿಕ್ಷುಗಳು ನಿನ್ನನ್ನು ಏಕೆ ನೋಡಿಕೊಳ್ಳುತ್ತಿಲ್ಲವೆಂದು ಬುದ್ಧನು ಕೇಳಲು, ತನ್ನಿಂದ ಅವರಿಗೆ ಯಾವ ಉಪಕಾರವೂ ಇಲ್ಲವಾದ್ದರಿಂದ ಎಂದು ರೋಗಿಯು ಉತ್ತರ ಕೊಟ್ಟನು. ಬುದ್ಧನು ನೀರನ್ನು ಹೊಯ್ದನು, ಆನಂದನು ತೊಳೆದನು. ಒಬ್ಬನು ತಲೆಯ ಕಡೆ, ಇನ್ನೊಬ್ಬನು ಕಾಲ ಕಡೆ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸಿದರು. ಈ ಕಥೆಯಲ್ಲಿ ಗಮನಿಸಬೇಕಾದುದು ರೋಗಿಯ ಉತ್ತರ. ವಾಸನೆ ಬರುತ್ತದೆಂದು ಯಾರೂ ಬರಲಿಲ್ಲವೆಂದು ಅವನು ಹೇಳಲಿಲ್ಲ. ತಾನು ಯಾರಿಗೂ ಏನೂ ಅಲ್ಲವೆಂದು ಹೇಳಿದನು. ಸಂಬಂಧವು ಒಣಗಿದಲ್ಲಿ ಹೇಸಿಗೆಯು ಗಟ್ಟಿಯಾಗುವುದು.

ಇದು ಬರಿಯ ಭಾವುಕತೆಯ ಮಾತಲ್ಲ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತಾಯಂದಿರಿಗೆ ಶಿಶುಗಳ ಮಲದ ಬಟ್ಟೆಗಳನ್ನು ಮೂಸಲು ಕೊಟ್ಟರು. ತಮ್ಮ ಶಿಶುವಿನ ಬಟ್ಟೆಯು ಅವರಿಗೆ ಇತರ ಶಿಶುಗಳದಕ್ಕಿಂತ ಕಡಿಮೆ ಅಸಹ್ಯವಾಗಿ ತೋರಿತು. ಯಾವುದು ಯಾರದೆಂದು ಹೇಳದಿದ್ದಾಗಲೂ ಹಾಗೆಯೇ ಆಯಿತು. ಹಳ್ಳಿಯ ಯಾವ ತಾಯಿಯನ್ನು ಕೇಳಿದ್ದರೂ ಪರೀಕ್ಷೆಯಿಲ್ಲದೆಯೇ ಹೇಳುತ್ತಿದ್ದಳೆನ್ನಬಹುದು. ಆದರೂ ಗೊತ್ತಿದ್ದುದನ್ನು ಅಳೆದು ನೋಡಿದರೆ ನಷ್ಟವಿಲ್ಲ. ಅಭ್ಯಾಸಕ್ಕಿರುವ ಶಕ್ತಿಯನ್ನು ಕುರಿತಾದ ಇನ್ನೊಂದು ಪರೀಕ್ಷೆಯು 2008ರದು. ಶವಚ್ಛೇದನವನ್ನು ಕಲಿಯುವ ವೈದ್ಯವಿದ್ಯಾರ್ಥಿಗಳಿಗೆ ಕೆಲವು ತಿಂಗಳುಗಳಲ್ಲಿ ತಣ್ಣಗಿನ ಶವವನ್ನು ಮುಟ್ಟುವ ಹೇಸಿಗೆಯು ಕಡಿಮೆಯಾಯಿತು; ಆಗತಾನೆ ಸತ್ತು ಇನ್ನೂ ಬೆಚ್ಚಗಿರುವ ದೇಹವನ್ನು ಮುಟ್ಟುವ ಹೇಸಿಗೆಯು ಹಾಗೆ ಕಡಿಮೆಯಾಗಲಿಲ್ಲ. ಎಂದರೆ ಅಭ್ಯಾಸವು ಮನಸ್ಸನ್ನೆಲ್ಲ ಒಂದೇ ಸಲಕ್ಕೆ ಕಲ್ಲು ಮಾಡುವುದಿಲ್ಲ. ಕೈಯು ಯಾವುದನ್ನು ಮುಟ್ಟಿತೋ ಅದಕ್ಕೆ ಮಾತ್ರ ಒಗ್ಗುವುದು. ಕಫಕ್ಕೆ ಒಗ್ಗಿದವಳಿಗೆ ಕೀವು ಹೊಸದು. ಕೀವಿಗೆ ಒಗ್ಗಿದವಳಿಗೆ ಹಾಸಿಗೆಹುಣ್ಣು ಹೊಸದು. ವರ್ಷಗಟ್ಟಲೆ ಕೆಲಸ ಮಾಡಿದ ದಾದಿಯರೂ ತಮಗೆ ಇಂದಿಗೂ ಆಗದ ಒಂದು ವಸ್ತುವಿದೆಯೆಂದು ಒಪ್ಪಿಕೊಳ್ಳುವುದುಂಟು. ಒಬ್ಬಳಿಗೆ ವಾಂತಿ, ಮತ್ತೊಬ್ಬಳಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು. ಅದನ್ನು ಸಂಗಾತಿಗೆ ಬಿಟ್ಟು ಸಂಗಾತಿಗಾಗದುದನ್ನು ತಾನು ಮಾಡುವಳು.

ಪ್ರೀತಿಯೂ ಅಭ್ಯಾಸವೂ ಸಾಲದಿದ್ದಲ್ಲಿ ಮೂರನೆಯದೊಂದಿದೆ. ಹೊಸ ವಿದ್ಯಾರ್ಥಿನಿಗೆ ಯಾರೂ ಹೇಳದಿರುವುದೂ ಇದನ್ನೇ. ವಿದ್ಯೆಯು ಕಣ್ಣನ್ನು ಬದಲಾಯಿಸುವುದು. ತಿಳಿಯದವಳಿಗೆ ಮಲವು ಬರಿಯ ಮಲ. ತಿಳಿದವಳಿಗೆ ಅದು ಅಕ್ಕಿ ತೊಳೆದ ನೀರಿನಂತಿದ್ದರೆ ಕಾಲರಾದ ಸೂಚನೆ. ಟಾರಿನಂತೆ ಕಪ್ಪಾಗಿ ಜಿಗುಟಾಗಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲೆಲ್ಲೋ ರಕ್ತ ಸೋರುತ್ತಿರುವ ಸೂಚನೆ. ಮಧುಮೇಹದ ರೋಗಿಯ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬಂದರೆ, ಮೂಗು ಮುಚ್ಚಿಕೊಂಡವಳು ಒಂದು ಪ್ರಾಣವನ್ನು ಕಳೆದಾಳು. ಮೂಸಿದವಳು ಓಡಿಹೋಗಿ ವೈದ್ಯರನ್ನು ಕರೆದಾಳು. ಓದಲು ಬಾರದವನಿಗೆ ಕಾಗದದ ಮೇಲಿನ ಮಸಿ ಕೊಳೆಯಾಗಿ ಕಾಣಬಹುದು. ಓದುಬಲ್ಲವನಿಗೆ ಅದು ಪತ್ರ. ರೋಗಿಯ ದೇಹವು ತನ್ನ ಸಂಕಟವನ್ನು ಬರೆಯುವುದು ಇಂಥ ಮಸಿಯಲ್ಲಿಯೇ. ಓದುವುದರಲ್ಲಿ ತೊಡಗಿದ ಕಣ್ಣಿಗೆ ಹೇಸುವುದಕ್ಕೆ ಬಿಡುವಿರುವುದಿಲ್ಲ.

ಶೌಚದ ವಿಚಾರದಲ್ಲಿಯೂ ಒಂದು ತಿರುವಿದೆ. ಪತಂಜಲಿಯ ಯೋಗಸೂತ್ರಗಳಲ್ಲಿ ಶೌಚದ ಫಲವಾಗಿ ತನ್ನ ಅಂಗಗಳಲ್ಲಿ ಜುಗುಪ್ಸೆಯನ್ನೂ ಇತರರ ಸಂಸರ್ಗವಿಲ್ಲದಿರುವುದನ್ನೂ ಹೇಳಿದೆ. ಚರಕನಾದರೋ ಪರಿಚಾರಕನ ನಾಲ್ಕು ಗುಣಗಳಲ್ಲಿ ಶೌಚವನ್ನು ಸೇರಿಸಿದನು. ಯೋಗಿಯ ಶೌಚವು ಮುಟ್ಟದಿರುವುದಕ್ಕಾಗಿ, ಪರಿಚಾರಕನ ಶೌಚವು ಮುಟ್ಟುವುದಕ್ಕಾಗಿ. ಮಡಿಯವರು ಮುಟ್ಟಿದ ಮೇಲೆ ತೊಳೆದುಕೊಳ್ಳುವರು. ವಿಶ್ವ ಆರೋಗ್ಯ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಕೈ ತೊಳೆಯಬೇಕಾದ 5 ಸಂದರ್ಭಗಳನ್ನು ಹೇಳಿದ್ದು, ಅವುಗಳಲ್ಲಿ ಮೊದಲನೆಯದು ರೋಗಿಯನ್ನು ಮುಟ್ಟುವುದಕ್ಕೆ ಮುಂಚೆ. ಮೈಲಿಗೆಯು ರೋಗಿಯಿಂದ ತನಗೆ ತಗಲುವುದೆಂಬುದಕ್ಕಿಂತ ಮೊದಲು ತನ್ನಿಂದ ರೋಗಿಗೆ ತಗಲುವುದೆಂಬ ಎಚ್ಚರವು ಅದರಲ್ಲಿದೆ. 1847ರಲ್ಲಿ ವಿಯೆನ್ನಾದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಕೊಂಡದ್ದು ಇದನ್ನೇ: ಬಾಣಂತಿಯರನ್ನು ಕೊಲ್ಲುತ್ತಿದ್ದ ಕೊಳೆಯು ಶವಗಳನ್ನು ಕೊಯ್ದು ನೇರವಾಗಿ ಬರುತ್ತಿದ್ದ ವೈದ್ಯರ ಕೈಗಳಲ್ಲಿತ್ತು. ಕೈಗವಸು ಹಾಕಿಕೊಳ್ಳುವ ಹುಡುಗಿಯು ಅದನ್ನು ತನ್ನ ಹೇಸಿಗೆಯ ಗುರುತೆಂದು ನಾಚಬೇಕಾಗಿಲ್ಲ.

ಇಷ್ಟಾದರೂ ಅಪಾಯವೊಂದು ಉಳಿದಿದೆ, ಅದೇ ದೊಡ್ಡದು. ಹೇಸಿಗೆಯನ್ನು ಕೊಲ್ಲಲು ಹೊರಟವರು ಕೆಲವೊಮ್ಮೆ ಅದರ ಪಕ್ಕದಲ್ಲಿದ್ದ ಮೃದುತ್ವವನ್ನೂ ಕೊಂದುಬಿಡುವರು. ಹೊಲಸಿನ ಹಾಸಿಗೆಯನ್ನು ಮುಖದ ಒಂದು ಗೆರೆಯೂ ಚಲಿಸದಂತೆ ಬದಲಾಯಿಸುತ್ತ, ಅದರ ಮೇಲಿರುವವರನ್ನು ದಿಂಬಿನಂತೆ ಹೊರಳಿಸಿ, “ಹತ್ತನೇ ಬೆಡ್ಡು ಆಯ್ತು” ಎಂದು ಕೂಗಿ ಮುಂದಕ್ಕೆ ಹೋಗುವ ಕೈಗಳನ್ನು ಆಸ್ಪತ್ರೆಯಲ್ಲಿ ಮಲಗಿದ್ದವರು ಬಲ್ಲರು. ಇದು ಜಯವೆಂದು ತೋರುವುದು, ಜಯವಲ್ಲ. ರೋಗಿಗೂ ಜುಗುಪ್ಸೆಯಿದೆಯೆಂಬುದನ್ನು ಇಂಥವರು ಮರೆತಿರುವರು. ಅರವತ್ತು ವರ್ಷ ತನ್ನ ಕೆಲಸವನ್ನು ಮರೆಯಲ್ಲಿ ತಾನೇ ಮಾಡಿಕೊಂಡು ಬಂದವರಿಗೆ ಮೊಮ್ಮಗಳ ಕಣ್ಣೆದುರಿನಲ್ಲಿ ಮೈಯು ಸ್ವಾಧೀನ ತಪ್ಪಿದಾಗ ಆಗುವ ಹೇಸಿಗೆಯು, ಮೊಮ್ಮಗಳಿಗೆ ಆಗುವುದಕ್ಕಿಂತ ಹತ್ತುಪಾಲು ಹೆಚ್ಚು. ಹುಡುಗಿಯು ಹೊರಕ್ಕೆ ಓಡಬಲ್ಲಳು. ಅಜ್ಜಿಗೆ ತನ್ನ ಮೈಯಿಂದ ಹೊರಕ್ಕೆ ಓಡಲು ಕಾಲಿಲ್ಲ, ಗೋಡೆಯ ಕಡೆಗೆ ತಿರುಗುವಷ್ಟು ಮಾತ್ರ ಶಕ್ತಿಯಿದೆ. ಎಂತಹ ರೋಗಿಯೂ ಮೊದಲು ನೋಡುವುದು ಬಾಗಿಲಿನಲ್ಲಿ ಕಾಣಿಸುವ ಮುಖವನ್ನು. ತಾನು ಏನಾಗಿದ್ದೇನೆಂಬ ಸುದ್ದಿಯು ಅವರಿಗೆ ಸಿಕ್ಕುವುದು ಆ ಮುಖದಿಂದಲೇ.

ಹಾಗಾದರೆ ಒಳಗೆ ಹೇಸಿ ಹೊರಗೆ ಹೇಸದಂತೆ ತೋರುವುದು ಕಪಟವಲ್ಲವೆ ಎಂದು ಪ್ರಾಮಾಣಿಕಳಾದ ಹುಡುಗಿಯು ಕೇಳುವಳು. ಕೇಳಬೇಕಾದ ಪ್ರಶ್ನೆಯೇ. ಕಪಟಿಯು ಇನ್ನೊಬ್ಬರಿಂದ ಏನನ್ನೋ ಕಸಿದುಕೊಳ್ಳುವುದಕ್ಕಾಗಿ ಮುಖವನ್ನು ಮರೆಮಾಡುವನು. ಇಲ್ಲಿ ಮರೆಮಾಡುವುದರಿಂದ ರೋಗಿಗೆ ಮಾನವು ಉಳಿಯುವುದು. ಮರೆಮಾಡಿದವಳಿಗೆ ಏನೂ ದೊರೆಯುವುದಿಲ್ಲ. ಆದರೆ ಬಲವಂತವಾಗಿ ತಂದುಕೊಂಡ ನಗೆಯು ರೋಗಿಯ ಕಣ್ಣನ್ನು ವಂಚಿಸಲಾರದು; ಮಲಗಿದವರ ಕಣ್ಣು ಬಹಳ ಚುರುಕು. ನಗೆಗಿಂತ ಕೆಲಸದಲ್ಲಿ ತೊಡಗಿದ ಮುಖವು ಮೇಲು. “ಈ ಮಗ್ಗುಲಿಗೆ ಬನ್ನಿ, ನೀರು ಬೆಚ್ಚಗಿದೆಯೆ ನೋಡಿ” ಎಂದು ಹೇಳುತ್ತಿರುವ ಬಾಯಿಗೆ ಸಿಂಡರಿಸಲು ಸಮಯವಿಲ್ಲ.

ಗಾಂಧಿಯವರ ಜೀವನದಲ್ಲಿಯೂ ಇದು ಒಂದೇ ದಿನಕ್ಕೆ ಆದುದಲ್ಲ. ದಕ್ಷಿಣ ಆಫ್ರಿಕದಲ್ಲಿ ಕುಷ್ಠರೋಗಿಯೊಬ್ಬನು ಮನೆಯ ಬಾಗಿಲಿಗೆ ಬಂದಾಗ ಅವರು ಅವನನ್ನು ಉಳಿಸಿಕೊಂಡು ಹುಣ್ಣುಗಳನ್ನು ಕಟ್ಟಿದರು. ಆದರೆ ಸದಾಕಾಲವೂ ಇಟ್ಟುಕೊಳ್ಳುವ ಮನಸ್ಸೂ ಶಕ್ತಿಯೂ ಆಗ ತಮ್ಮಲ್ಲಿರಲಿಲ್ಲವೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡು, ಅವನನ್ನು ಆಸ್ಪತ್ರೆಗೆ ಕಳುಹಿಸಿದುದನ್ನು ಬರೆದರು. ಅನಂತರ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಪರಿಚಾರಕರಾಗಿ ಕೆಲಸ ಮಾಡಿದರು. ಸೇವಾಗ್ರಾಮದಲ್ಲಿ ಕುಷ್ಠರೋಗಿಯಾದ ಪರಚುರೆ ಶಾಸ್ತ್ರಿಗಳ ಮೈಯನ್ನು ಅವರು ತಮ್ಮ ಕೈಯಿಂದಲೇ ತಿಕ್ಕಿದ್ದು 1939ರ ತರುವಾಯ, ಸುಮಾರು 40 ವರ್ಷಗಳ ಅನಂತರ. ಇಂದು ಓಡಿಹೋದವಳು ನಾಳೆ ಬಾಗಿಲಿನವರೆಗೆ ಬರಬಹುದು, ಅವಸರವಿಲ್ಲ.

ಅವಳನ್ನು ತಡೆಯುವುದು ಅವಳ ಮೂಗೊಂದೇ ಅಲ್ಲವೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ದೇಶದಲ್ಲಿ ಹೊಲಸಿನ ಮೇಲಿನ ಹೇಸಿಗೆಯು ಅದನ್ನು ತೆಗೆದವರ ಮೇಲೆ ಹೋಗಿ ಕುಳಿತುಕೊಂಡು ಅವರ ಮಕ್ಕಳಿಗೂ ಇಳಿಯಿತು. ವೀರಶೈವ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿಗಳೆಂಬ ಪಂಚಸೂತಕಗಳನ್ನು ತಳ್ಳಿಹಾಕಿ ಎಂಟು ಶತಮಾನಗಳಿಗೂ ಮೇಲಾದವು. ಮಲವನ್ನು ಕೈಯಿಂದ ಬಳಿಸುವುದನ್ನು ನಿಲ್ಲಿಸಲು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಶಾಸನ ಬೇಕಾಯಿತು. ಮನೆಯ ಹೊಸ ಜೀವವನ್ನು ಮೊದಲು ಮುಟ್ಟಿದ ಸೂಲಗಿತ್ತಿಯನ್ನೇ ಎಷ್ಟೋ ಮನೆಗಳು ಹೊರಗೆ ನಿಲ್ಲಿಸಿದುವು. ಪಾವಗಡದ ಸೀಮೆಯಲ್ಲಿ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರೆಂದು ಪ್ರಸಿದ್ಧರಾದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಆ ವರ್ಷವೇ ಅವರು ತೀರಿಕೊಂಡರು. ಪ್ರಶಸ್ತಿಗಾಗಿ ಕೈ ತಟ್ಟಿದವರೆಲ್ಲರೂ ತಮ್ಮ ಮಗಳು ಆ ಕೆಲಸಕ್ಕೆ ಹೋಗುವೆನೆಂದರೆ ಒಪ್ಪುತ್ತಿದ್ದರೆಂದು ಹೇಳುವುದು ಕಷ್ಟ. ಹುಡುಗಿಯು ಹೇಸಿ ಓಡಿದ್ದನ್ನು ಕಂಡು “ಇದೆಲ್ಲ ನಿನಗೇಕೆ, ಬೇರೆ ಏನಾದರೂ ಓದು” ಎನ್ನುವ ಬಂಧುಗಳ ಬಾಯಲ್ಲಿ ಮಾತನಾಡುವುದು ಎಷ್ಟೋ ವೇಳೆ ವಾತ್ಸಲ್ಯವಲ್ಲ, ಈ ಹಳೆಯ ಸೂತಕ.

ಮರುದಿನದ ಮಧ್ಯಾಹ್ನವೂ ಅಜ್ಜಿಯ ಹಾಸಿಗೆಯು ಒದ್ದೆಯಾಗುವುದು. ತಾಯಿಯನ್ನು ಕೂಗಬಹುದು, ಹುಡುಗಿಯು ಕೂಗದೆ ಬೇಸಿನ್ನಿನಲ್ಲಿ ಬೆಚ್ಚನೆಯ ನೀರನ್ನೂ ಹಳೆಯ ಪಂಚೆಯ ತುಂಡನ್ನೂ ತರುವಳು. ಅರ್ಧ ಕೆಲಸದಲ್ಲಿ ಓಕರಿಕೆ ಬರುವುದು. ಬಚ್ಚಲಿಗೆ ಹೋಗಿ, ಮುಖ ತೊಳೆದುಕೊಂಡು, ಮರಳಿ ಬರುವಳು. ಅಜ್ಜಿಯು ಗೋಡೆಯನ್ನು ನೋಡುತ್ತಲೇ ಕೇಳುವರು:

“ವಾಂತಿ ಬಂತೇನೆ?”

“ಬಂತು, ಅಜ್ಜಿ.”

“ನಿಮ್ಮ ತಾತ ಮಲಗಿದ್ದಾಗ ನನಗೂ ಬರುತ್ತಿತ್ತು. ಎರಡು ಏಲಕ್ಕಿ ಬಾಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಬೆನ್ನಿನ ಕೆಳಗೆ ಇನ್ನೂ ಒದ್ದೆಯಿದೆ, ನೋಡು, ಒರಸು.”

ಹೀಗೆಂದು ಅಜ್ಜಿಯು ಬಲಗೈಯಿಂದ ಮಂಚದ ಅಂಚನ್ನು ಹಿಡಿದು, ಈ ಕಡೆಗೆ ಹೊರಳಲು ಪ್ರಯತ್ನಿಸುವರು.